ದಂಡ ಕಟ್ಟಿ ಮುಗಿಸುವ ಮುನ್ನ

ರಾಷ್ಟ್ರೀಯ ಹೆದ್ದಾರಿ 66 ಹೆಜಮಾಡಿಯಲ್ಲಿ ಉಡುಪಿ ಜಿಲ್ಲೆಯನ್ನು ಹೊಕ್ಕು ಶಿರೂರಿನಲ್ಲಿ ಹೊರಬೀಳುತ್ತದೆ. ಬ್ರಹ್ಮಾವರದಿಂದ ಹೊರಟು ಸಾಸ್ತಾನ, ಕೋಟ, ತೆಕ್ಕಟ್ಟೆ, ಕೋಟೇಶ್ವರ, ಕುಂದಾಪುರ, ಹೆಮ್ಮಾಡಿ, ಮರವಂತೆ, ಉಪ್ಪುಂದ ದಾಟಿ ಬೈಂದೂರು ಸೇರುವ ಹಾದಿಯಲ್ಲಿ ರಾತ್ರಿ ಹೊತ್ತು ಪೊಲೀಸರು ಬ್ಯಾರಿಕೇಡ್ ಇಟ್ಟು ಸವಾರರನ್ನು ಊದಿಸುವುದು ಇಲ್ಲಿಯವರಿಗೆ ಹೊಸ ನೋಟವೇನಲ್ಲ. ಸಿಕ್ಕಿಬಿದ್ದವನ ಮೊದಲ ಫೋನು ಹೋಗುವುದು ಠಾಣೆಯಲ್ಲಿ ಯಾರದಾದರೂ ಪರಿಚಯ ಇರುವ ಊರಿನ ಮುಖಂಡರಿಗೆ. ಆ ಮಾತು ನಡೆಯದಿದ್ದರೆ ಮುಂದಿನ ದಾರಿಯೂ ಎಲ್ಲರಿಗೆ ಗೊತ್ತು: ಹೇಳಿದ ದಿನ ಕೋರ್ಟಿಗೆ ಹೋಗುವುದು, ತಪ್ಪಾಯಿತೆಂದು ಒಪ್ಪಿಕೊಳ್ಳುವುದು, ದಂಡ ಕಟ್ಟಿ ಮನೆಗೆ ಬರುವುದು. ‘ಎಂತ ಆತಿಲ್ಲ ಮರಾಯ್ರೆ, ಹತ್ತು ಸಾವಿರದ ಕೇಸು’ ಎಂಬ ಸಮಾಧಾನದ ಮಾತು ಎಲ್ಲ ಕಡೆಯೂ ಕೇಳುತ್ತದೆ. ಈ ರೂಢಿಯಿಂದ ಆರೋಪಿಗೂ ನಷ್ಟ, ಅದೇ ರಸ್ತೆಯಲ್ಲಿ ಓಡಾಡುವ ಉಳಿದವರಿಗೂ ನಷ್ಟ ಎಂಬುದು ನನ್ನ ವಾದ. ಕುಡಿದು ಓಡಿಸಿದ ಆರೋಪ ಹೊತ್ತವನಿಗೆ ವಕೀಲರು ಬೇಕು, ಅದೂ ಮೊದಲ ಎರಡು ಗಂಟೆಗಳಲ್ಲೇ ಬೇಕು. ನೇರವಾದ ಪ್ರತಿವಾದ ಇರುವಲ್ಲಿ ಮಾತ್ರ ಪೊಲೀಸರ ಸಾಕ್ಷ್ಯವೂ ಗಟ್ಟಿಯಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ವಾಹನ ಓಡಿಸಿದರೆ ಅಪರಾಧ. ಮೊದಲ ಸಲ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ ಮೊದಲ ದಂಡ ಎರಡು ಸಾವಿರದವರೆಗೆ ಇತ್ತು. ಆ ಮೂವತ್ತರ ಗೆರೆ ಎಷ್ಟು ಕೆಳಗಿದೆ ಎಂಬ ಅಂದಾಜು ಬಹಳ ಮಂದಿಗೆ ಇಲ್ಲ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಗಳಲ್ಲಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅರವತ್ತು ಮಿಲಿಯ ಒಂದು ಪೆಗ್ಗಿನಲ್ಲಿ ಸುಮಾರು ಇಪ್ಪತ್ತು ಗ್ರಾಂ ಆಯಿತು. ಅರವತ್ತೈದು ಕೆ.ಜಿ. ತೂಕದ ಗಂಡಸಿಗೆ ಹಸಿದ ಹೊಟ್ಟೆಯಲ್ಲಿ ಅದೊಂದೇ 45ರ ಹತ್ತಿರ ಮುಟ್ಟಿಸಬಲ್ಲದು. ಒಂದು ಕ್ವಾರ್ಟರ್ ಪೂರ್ತಿ ಇಳಿಸಿದರೆ 130 ದಾಟುತ್ತದೆ. ಯಕೃತ್ತು ಗಂಟೆಗೆ ಈ ಅಂಕಿಯಿಂದ ಸುಮಾರು 15 ಮಿಲಿಗ್ರಾಂನಷ್ಟನ್ನು ಮಾತ್ರ ಇಳಿಸುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಆ ಲೆಕ್ಕವನ್ನು ಬದಲಿಸದು. ಮದುವೆಮನೆಯ ಮೆಹಂದಿ ರಾತ್ರಿ ಹನ್ನೆರಡರವರೆಗೆ ಕುಡಿದು ಮಲಗಿದವನು ಬೆಳಿಗ್ಗೆ ಆರಕ್ಕೆ ದಿಬ್ಬಣದ ವ್ಯಾನು ಓಡಿಸಿದರೆ ಕಾನೂನಿನ ಕಣ್ಣಿಗೆ ಇನ್ನೂ ಕುಡಿದವನೇ ಆಗಿರುವ ಸಂಭವ ಹೆಚ್ಚು. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಶೇಂದಿ ಇಳಿಸುವ ಮೂರ್ತೆಗೆ ಅನುಮತಿ ಇದೆ, ಶೇಂದಿ ಇಲ್ಲಿ ಕಾನೂನುಬದ್ಧ ಪಾನೀಯ. ಹಾಗಂತ 185ನೇ ಕಲಮು ಶೇಂದಿಗೂ ಸ್ಕಾಚಿಗೂ ಭೇದ ಮಾಡುವುದಿಲ್ಲ.

ಇನ್ನು ‘ಹತ್ತು ಸಾವಿರದ ಕೇಸು’ ಎಂಬ ಮಾತು. ಹೆಲ್ಮೆಟ್ ಇಲ್ಲದ್ದಕ್ಕೆ, ಸಿಗ್ನಲ್ ದಾಟಿದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ರಸೀದಿ ಪಡೆಯಬಹುದು. ಅಂಥ ರಾಜಿಗೆ ಒಳಪಡುವ ಅಪರಾಧಗಳ ಪಟ್ಟಿ ಕಾಯ್ದೆಯ 200ನೇ ಕಲಮಿನಲ್ಲಿದೆ. 185 ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಇದು ಕೋರ್ಟಿಗೆ ಹೋಗಲೇಬೇಕಾದ ಕ್ರಿಮಿನಲ್ ಪ್ರಕರಣ. ಅಲ್ಲಿ ಒಪ್ಪಿಕೊಂಡರೆ ಸಿಗುವುದು ಅಪರಾಧಿ ಎಂಬ ತೀರ್ಪು. ಆ ತೀರ್ಪಿನ ಬೆನ್ನಿಗೆ, 20ನೇ ಕಲಮಿನ ಪ್ರಕಾರ, ಕನಿಷ್ಠ ಆರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ ಬರುತ್ತದೆ. ಗಂಗೊಳ್ಳಿ ಬಂದರಿನಿಂದ ಮೀನು ಹೇರಿಕೊಂಡು ಹೋಗುವ ಲಾರಿಯವನಿಗೆ, ಕೊಲ್ಲೂರಿಗೆ ಟ್ಯಾಕ್ಸಿ ಓಡಿಸುವವನಿಗೆ, ಖಾಸಗಿ ಬಸ್ಸಿನ ಚಾಲಕನಿಗೆ ಆರು ತಿಂಗಳ ಸಂಪಾದನೆಯೇ ಹೋಯಿತೆಂದು ಅರ್ಥ. ಹತ್ತು ಸಾವಿರ ಅದರ ಮುಂದೆ ಏನೂ ಅಲ್ಲ. ತಾನೇ ತಪ್ಪೊಪ್ಪಿಕೊಂಡವನಿಗೆ ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆ ಬಿಟ್ಟು ಬೇರೆ ವಿಷಯಕ್ಕೆ ಮೇಲ್ಮನವಿ ಸಲ್ಲಿಸುವ ಅವಕಾಶವೂ ಉಳಿಯುವುದಿಲ್ಲ. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವ ಹುಡುಗರು ಬ್ರಹ್ಮಾವರ, ಕುಂದಾಪುರ, ಬೈಂದೂರು ಈ ಮೂರೂ ತಾಲೂಕುಗಳಲ್ಲಿ ಮನೆಮನೆಯಲ್ಲಿ ಇದ್ದಾರೆ. ಕ್ರಿಮಿನಲ್ ಪ್ರಕರಣ ಬಾಕಿ ಇರುವಾಗ ಪಾಸ್‌ಪೋರ್ಟ್ ಬೇಕೆಂದರೆ ಕೋರ್ಟಿನ ಅನುಮತಿ ತರಬೇಕಾಗುತ್ತದೆ ಎಂಬುದು ಅವರಿಗೆ ತಿಳಿಯುವುದು ವೀಸಾ ಕೈಗೆ ಬಂದ ಮೇಲೆ.

ಈ ಪ್ರಕರಣಗಳ ಹಣೆಬರಹ ನಿರ್ಧಾರವಾಗುವುದು ಮೊದಲ ಎರಡು ಗಂಟೆಗಳಲ್ಲಿ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮಾನ ಬಂದರೆ ಊದಿಸಬಹುದು, ಯಂತ್ರ ಆಲ್ಕೋಹಾಲ್ ತೋರಿಸಿದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಆದರೆ ಬಂಧಿಸಿದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ತಪಾಸಣೆ ಮಾಡಿಸಬೇಕು, ಮಾಡಿಸದಿದ್ದರೆ ಬಿಟ್ಟುಬಿಡಬೇಕು ಎಂದು 202ನೇ ಕಲಮು ನೇರವಾಗಿ ಹೇಳುತ್ತದೆ. ಘಟ್ಟದ ಬುಡದ ಹಳ್ಳಿಯೊಂದರಲ್ಲಿ ಮಧ್ಯರಾತ್ರಿ ಹಿಡಿದವನನ್ನು ಈ ಅವಧಿಯೊಳಗೆ ವೈದ್ಯರ ಮುಂದೆ ನಿಲ್ಲಿಸುವುದು ಸುಲಭದ ಕೆಲಸವಲ್ಲ; ಆದರೂ ನಿಯಮ ನಿಯಮವೇ. ಯಂತ್ರ ಉಗುಳುವ ಆ ಸಣ್ಣ ಚೀಟಿಯನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಅದರಲ್ಲಿ ಯಂತ್ರದ ಸಂಖ್ಯೆ, ಪರೀಕ್ಷೆಯ ಕ್ರಮಸಂಖ್ಯೆ, ದಿನಾಂಕ, ಗಂಟೆ ನಿಮಿಷ, ಸಿಕ್ಕ ಅಂಕಿ ಇರುತ್ತವೆ. ಚೀಟಿಯ ಗಂಟೆಗೂ ಎಫ್‌ಐಆರ್‌ನಲ್ಲಿ ಬರೆದ ಗಂಟೆಗೂ ತಾಳೆಯಾಗುತ್ತದೆಯೇ? ಆ ಯಂತ್ರವನ್ನು ಕೊನೆಯ ಬಾರಿ ಸರಿಹೊಂದಿಸಿ ಪ್ರಮಾಣಪತ್ರ ಪಡೆದದ್ದು ಯಾವಾಗ? ಆಗಷ್ಟೇ ಬಾಯಿಗೆ ಹಾಕಿದ ಔಷಧಿ ಅಥವಾ ಮೌತ್‌ವಾಶ್‌ನ ಪಸೆ ಬಾಯಲ್ಲಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಊದಿಸಿದರೆ ಆ ಅನುಮಾನ ತೀರುತ್ತದೆ. ರಕ್ತ ತೆಗೆದಿದ್ದರೆ ಪ್ರಶ್ನೆಗಳು ಇನ್ನಷ್ಟು ಸೂಕ್ಷ್ಮ. ಸೂಜಿ ಚುಚ್ಚುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಆ ಸ್ಪಿರಿಟ್ಟೇ ಲೆಕ್ಕ ಕೆಡಿಸಬಹುದು. ಸೀಸೆಗೆ ಸೋಡಿಯಂ ಫ್ಲೋರೈಡ್ ಹಾಕದಿದ್ದರೆ ಇಟ್ಟಲ್ಲೇ ರಕ್ತ ಕೊಳೆತು ಹುದುಗಿ ಆಲ್ಕೋಹಾಲಿನ ಪ್ರಮಾಣ ಬದಲಾಗುತ್ತದೆ. ಆಸ್ಪತ್ರೆಯಿಂದ ಮಂಗಳೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುವ ಹಾದಿಯಲ್ಲಿ ಆ ಸೀಸೆ ಯಾರ ಕೈಯಲ್ಲಿತ್ತು, ಮೊಹರು ಸರಿಯಾಗಿತ್ತೇ, ಫ್ರಿಜ್ಜಿನಲ್ಲಿ ಇಟ್ಟಿದ್ದರೇ? ಇವುಗಳಿಗೆ ಉತ್ತರ ಬರಹದಲ್ಲಿ ಇದ್ದರೆ ಪ್ರಕರಣ ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ತಿಂಗಳುಗಳ ಬಳಿಕ ವಕೀಲರ ಕಚೇರಿಗೆ ಬಂದವನ ಪರವಾಗಿ ಇವುಗಳಲ್ಲಿ ಅರ್ಧದಷ್ಟನ್ನು ಕೇಳಲು ಬೇಕಾದ ಆಧಾರವೇ ಸಿಗುವುದಿಲ್ಲ.

ಊದುವುದೇ ಇಲ್ಲವೆಂದು ಹಟ ಹಿಡಿದರೆ ಪಾರಾಗಬಹುದು ಎಂಬ ನಂಬಿಕೆಯೊಂದು ನಮ್ಮಲ್ಲಿದೆ. ಅದು ತಪ್ಪು. ತಕ್ಕ ಕಾರಣವಿಲ್ಲದೆ ಪರೀಕ್ಷೆಗೆ ಒಪ್ಪದಿದ್ದರೆ ಆ ನಿರಾಕರಣೆಯನ್ನೇ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಲು 205ನೇ ಕಲಮು ದಾರಿ ಮಾಡಿಕೊಡುತ್ತದೆ. ರಕ್ತದ ಮಾದರಿ ಕೊಡಿಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿಸಿದಂತೆ ಆಗದೆಂದು ಸುಪ್ರೀಂ ಕೋರ್ಟು ಕಾಠಿ ಕಾಲು ಓಘಡ್ ಪ್ರಕರಣದ 1961ರ ತೀರ್ಪಿನಿಂದ ಹಿಡಿದು ನಮ್ಮದೇ ರಾಜ್ಯದಿಂದ ಹೋದ ಸೆಲ್ವಿ ಪ್ರಕರಣದ 2010ರ ತೀರ್ಪಿನವರೆಗೆ ಕಾಯ್ದುಕೊಂಡು ಬಂದಿದೆ. ಒಳ್ಳೆಯ ವಕೀಲರು ಫೋನಿನಲ್ಲಿ ಮೊದಲು ಹೇಳುವ ಮಾತು ಇದು: ಊದಿ, ರಕ್ತ ಕೊಡಿ, ಚೀಟಿಯ ಪ್ರತಿ ಕೇಳಿ, ಗಂಟೆ ಬರೆದಿಟ್ಟುಕೊಳ್ಳಿ, ಪೊಲೀಸರ ಜೊತೆ ಜಗಳಕ್ಕೆ ನಿಲ್ಲಬೇಡಿ. 

ಮೂಗಿಗೆ ಬಂದ ವಾಸನೆ ಸಾಕೇ ಎಂಬ ಪ್ರಶ್ನೆಯಲ್ಲಿ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಬೇಕು. ಬಚುಭಾಯಿ ಹಸನಲ್ಲಿ ಕರ್ಯಾನಿ ಪ್ರಕರಣದಲ್ಲಿ 1971ರಲ್ಲಿ ಸುಪ್ರೀಂ ಕೋರ್ಟು, ಉಸಿರಿನಲ್ಲಿ ಮದ್ಯದ ವಾಸನೆ, ತಡವರಿಸುವ ಮಾತು, ತೂರಾಡುವ ನಡಿಗೆ ಇವಿಷ್ಟರಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದು, ರಕ್ತ ಅಥವಾ ಮೂತ್ರದ ಪರೀಕ್ಷೆ ಬೇಕಿತ್ತು ಎಂದಿತು. ಇದನ್ನು ನಂಬಿ ನಿಶ್ಚಿಂತರಾಗುವವರು 2021ರ ಪರ್ಲ್ ಬೆವರೇಜಸ್ ತೀರ್ಪನ್ನೂ ತಿಳಿದಿರಬೇಕು. ದೆಹಲಿಯ ಇಂಡಿಯಾ ಗೇಟ್ ಬಳಿ 2007ರಲ್ಲಿ ಅಪಘಾತವಾಗಿ ಸುಟ್ಟುಹೋದ ಕಾರಿನ ವಿಮೆ ವ್ಯಾಜ್ಯ ಅದು. ಉಸಿರಿನ ಪರೀಕ್ಷೆಯಾಗಲಿ ರಕ್ತ ಪರೀಕ್ಷೆಯಾಗಲಿ ಇಲ್ಲದಿದ್ದರೂ ಸುತ್ತಲಿನ ಸಂದರ್ಭ ಕುಡಿತವನ್ನು ತೋರಿಸುತ್ತಿದ್ದರೆ ವಿಮಾ ಕಂಪನಿ ಹಣ ನಿರಾಕರಿಸಬಹುದೆಂದು ಅಲ್ಲಿ ತೀರ್ಮಾನವಾಯಿತು. ಅಂದರೆ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದವನೂ ವಿಮೆಯಲ್ಲಿ ಸೋಲಬಹುದು. 2019ರ ತಿದ್ದುಪಡಿಯಿಂದ ಮದ್ಯ ಕುಡಿದು ಓಡಿಸಿದ್ದೂ ವಿಮಾ ಕಂಪನಿ ಎತ್ತಬಹುದಾದ ತಕರಾರುಗಳ ಪಟ್ಟಿ ಸೇರಿದೆ. ಸಂತ್ರಸ್ತರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ವಾಹನದ ಮಾಲೀಕನಿಂದ ವಸೂಲು ಮಾಡಲಿ ಎಂಬ ಆದೇಶಗಳನ್ನು ಕೋರ್ಟುಗಳು ಕೊಡುತ್ತ ಬಂದಿವೆ. ಆಗ ಆ ಹೊರೆ ಬೀಳುವುದು ಮನೆ, ಗದ್ದೆ, ತೋಟದ ಮೇಲೆ.

ಯಾರಾದರೂ ಸತ್ತರೆ ವಿಷಯ ಬೇರೆಯೇ ಮಟ್ಟಕ್ಕೆ ಏರುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಂಥ ಸಾವಿಗೆ ಎರಡು ಕಲಮುಗಳಿವೆ. ಒಂದು 106(1), ನಿರ್ಲಕ್ಷ್ಯದಿಂದ ಆದ ಸಾವು. ಐದು ವರ್ಷದವರೆಗೆ ಶಿಕ್ಷೆ, ಜಾಮೀನು ಹಕ್ಕಿನಿಂದಲೇ ಸಿಗುತ್ತದೆ, ವಿಚಾರಣೆ ಮ್ಯಾಜಿಸ್ಟ್ರೇಟರ ಮುಂದೆ. ಇನ್ನೊಂದು 105, ಕೊಲೆಯಲ್ಲದ ಮಾನವ ಹತ್ಯೆ. ಹೀಗೆ ಮಾಡಿದರೆ ಜೀವ ಹೋಗಬಹುದೆಂಬ ಅರಿವಿದ್ದೂ ಮಾಡಿದ ಕೃತ್ಯಕ್ಕೆ ಹತ್ತು ವರ್ಷದವರೆಗೆ ಶಿಕ್ಷೆ, ಜಾಮೀನುರಹಿತ, ವಿಚಾರಣೆ ಸತ್ರ ನ್ಯಾಯಾಲಯದಲ್ಲಿ. ಕುಂದಾಪುರದಲ್ಲೇ ಕಲಾಪ ನಡೆಸುವ ಹೆಚ್ಚುವರಿ ಜಿಲ್ಲಾ ಮತ್ತು ಸತ್ರ ನ್ಯಾಯಾಲಯ ಇರುವುದರಿಂದ ಈ ಭಾಗದವರು ಅದಕ್ಕೆ ದೂರ ಹೋಗಬೇಕಾಗಿಲ್ಲ. ಈ ಎರಡು ಕಲಮುಗಳ ನಡುವಿನ ಅಂತರದಲ್ಲೇ ಇಡೀ ಕಾದಾಟ ನಡೆಯುತ್ತದೆ. ಮುಂಬೈಯ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರಿನಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಗಳ ಮೇಲೆ ಕಾರು ಹರಿದು ಏಳು ಮಂದಿ ಸತ್ತರು. ಅಲಿಸ್ಟರ್ ಪರೇರಾ ಎಂಬ ಆ ಚಾಲಕನಿಗೆ ವಿಚಾರಣಾ ನ್ಯಾಯಾಲಯ ಕೊಟ್ಟದ್ದು ನಿರ್ಲಕ್ಷ್ಯದ ಕಲಮಿನಡಿ ಆರು ತಿಂಗಳು. ಬಾಂಬೆ ಹೈಕೋರ್ಟು ಅದನ್ನು ಮಾನವ ಹತ್ಯೆಗೆ ಏರಿಸಿ ಮೂರು ವರ್ಷ ಕೊಟ್ಟಿತು, ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟಿನಲ್ಲಿ, 1999ರಲ್ಲಿ ದೆಹಲಿಯ ಲೋಧಿ ರಸ್ತೆಯಲ್ಲಿ ಆರು ಜನರನ್ನು ಬಲಿ ಪಡೆದ ಬಿಎಂಡಬ್ಲ್ಯು ಪ್ರಕರಣದಲ್ಲಿ ಸಂಜೀವ್ ನಂದಾ ಕೂಡ ಅದೇ ಕಲಮಿನಡಿ ತಪ್ಪಿತಸ್ಥನಾದ. ಆತ ಸ್ಥಳದಿಂದ ಓಡಿಹೋಗಿದ್ದರಿಂದ ಆಗಲೇ ಊದಿಸಲು ಆಗಿರಲಿಲ್ಲ. ಆಮೇಲೆ ತೆಗೆದ ರಕ್ತದಲ್ಲಿ ಸಿಕ್ಕ ಶೇ 0.115, ಅಂದರೆ ಮಿತಿಯ ಸುಮಾರು ನಾಲ್ಕು ಪಟ್ಟು ಆಲ್ಕೋಹಾಲ್, ಸಾಕ್ಷ್ಯವಾಗಿ ನಿಂತಿತು. ನಶೆಯಲ್ಲಿದ್ದೆ, ಏನೂ ತಿಳಿಯಲಿಲ್ಲ ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ತಾನಾಗಿ ಕುಡಿದವನಿಗೆ ಕುಡಿಯದವನಿಗಿದ್ದಷ್ಟೇ ಅರಿವು ಇತ್ತೆಂದು ಭಾವಿಸಬೇಕೆಂದು ಸಂಹಿತೆಯ 24ನೇ ಕಲಮು ಹೇಳುತ್ತದೆ.

ಇಲ್ಲಿಗೆ ಬಂದಾಗ ಓದುಗರು ತಡೆದು ಕೇಳಬಹುದು: ಇಷ್ಟೆಲ್ಲ ಪ್ರಶ್ನೆಗಳನ್ನು ವಕೀಲರ ಕೈಗೆ ಕೊಟ್ಟರೆ ಕುಡಿದು ಕೊಂದವನು ಚೀಟಿಯಲ್ಲಿ ನಿಮಿಷ ತಪ್ಪಾಗಿದೆ ಎಂದು ಹೇಳಿ ಹೊರಗೆ ಬರುವುದಿಲ್ಲವೇ? ಮಗನನ್ನು ಕಳೆದುಕೊಂಡ ತಾಯಿಯ ಬಾಯಲ್ಲಿ ಈ ಪ್ರಶ್ನೆ ಬಂದರೆ ಅದನ್ನು ತಳ್ಳಿಹಾಕುವ ಧೈರ್ಯ ಯಾರಿಗೂ ಇರಬಾರದು. ಆದರೆ ಅಂಥವನು ನುಸುಳಿ ಹೊರಬರುವ ತೂತು ಮಾಡಿದವರು ಯಾರೆಂದು ನೋಡಿ. ಸಲ್ಮಾನ್ ಖಾನ್ ಪ್ರಕರಣದಲ್ಲಿ ಅಪಘಾತವಾದದ್ದು 2002ರ ಸೆಪ್ಟೆಂಬರಿನಲ್ಲಿ, ಬಾಂಬೆ ಹೈಕೋರ್ಟಿನ ಖುಲಾಸೆ ಬಂದದ್ದು 2015ರ ಡಿಸೆಂಬರಿನಲ್ಲಿ. ರಕ್ತದ ಮಾದರಿಯನ್ನು ನಿರ್ವಹಿಸಿದ ರೀತಿಯೇ ಅಲ್ಲಿ ಅನುಮಾನಕ್ಕೆ ಒಳಗಾಗಿತ್ತು. ಪುಣೆಯ ಕಲ್ಯಾಣಿ ನಗರದಲ್ಲಿ 2024ರ ಮೇ ತಿಂಗಳಲ್ಲಿ ಪೋರ್ಷೆ ಕಾರು ಇಬ್ಬರು ಎಂಜಿನಿಯರುಗಳ ಜೀವ ತೆಗೆದಾಗ, ಆರೋಪಿಯ ರಕ್ತವನ್ನೇ ಬದಲಾಯಿಸಿದ ಆರೋಪದಲ್ಲಿ ಸರ್ಕಾರಿ ಆಸ್ಪತ್ರೆಯ ವೈದ್ಯರ ಬಂಧನವಾಯಿತು. ಹಣ, ಹೆಸರು ಇದ್ದವರ ಮಟ್ಟಿಗೆ ಪ್ರಶ್ನೆ ಕೇಳುವ ವಕೀಲರು ಎಂದೂ ಇದ್ದೇ ಇದ್ದಾರೆ. ಬಡವರ ಪ್ರಕರಣಗಳಲ್ಲಿ ಯಾರೂ ಕೇಳದೆ ಇರುವುದರಿಂದ ಪೊಲೀಸರಿಗೆ, ವೈದ್ಯರಿಗೆ ಸರಿಯಾದ ಕ್ರಮದ ಅಭ್ಯಾಸವೇ ಆಗುವುದಿಲ್ಲ. ವರ್ಷವಿಡೀ ‘ಒಪ್ಪಿದ, ದಂಡ ಕಟ್ಟಿದ’ ಎಂದು ಮುಗಿಯುವ ಠಾಣೆಯಲ್ಲಿ ಸೀಸೆಗೆ ಮೊಹರು ಹಾಕುವ, ಗಂಟೆ ಬರೆಯುವ ಶಿಸ್ತು ಬೆಳೆಯುವುದು ಹೇಗೆ? ಒಂದು ರಾತ್ರಿ ನಿಜವಾಗಿಯೂ ಜೀವ ಹೋದಾಗ, ದೊಡ್ಡ ವಕೀಲರು ಎದುರು ನಿಂತಾಗ, ಅದೇ ಅಶಿಸ್ತು ಪ್ರಕರಣವನ್ನು ಮುಳುಗಿಸುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ ಹತ್ತರಲ್ಲಿ ಏಳು ಸಾವು ಅತಿವೇಗದ ಖಾತೆಗೆ ಹೋಗಿವೆ, ಕುಡಿತದ ಖಾತೆಗೆ ನೂರಕ್ಕೆ ಮೂರೂ ಇಲ್ಲ. ರಾತ್ರಿ ಹೆದ್ದಾರಿಯಲ್ಲಿ ಓಡಾಡುವ ಯಾರೂ ಈ ಅಂಕಿಯನ್ನು ನಂಬಲಾರರು. ಅಪಘಾತವಾದ ಪ್ರತಿಯೊಬ್ಬ ಚಾಲಕನನ್ನೂ ಹೊತ್ತಿಗೆ ಸರಿಯಾಗಿ ಪರೀಕ್ಷಿಸಿ ಬರೆದಿಡದೆ ಹೋದರೆ ಕುಡಿತದ ಸಾವು ಅತಿವೇಗದ ಸಾವೆಂದೇ ದಾಖಲಾಗುತ್ತದೆ.

ಇನ್ನೊಂದು ಆಕ್ಷೇಪ ವಕೀಲರ ಬಗೆಗಿನದು: ಇಂಥವನ ಪರ ನಿಲ್ಲುವುದೇ ತಪ್ಪಲ್ಲವೇ? ಯಾರ ಪರವೂ ವಾದಿಸಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳಿಗೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಮೊಹಮ್ಮದ್ ರಫಿ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ. ಆದರೆ ಪರ ನಿಲ್ಲುವುದಕ್ಕೂ ಸಾಕ್ಷಿಯನ್ನು ಕೊಳ್ಳುವುದಕ್ಕೂ ಇರುವ ಗೆರೆ ದಾಟಿದರೆ ಏನಾಗುತ್ತದೆ ಎಂಬುದಕ್ಕೂ ಬಿಎಂಡಬ್ಲ್ಯು ಪ್ರಕರಣವೇ ಉದಾಹರಣೆ. ಮುಖ್ಯ ಸಾಕ್ಷಿಯ ಮೇಲೆ ಪ್ರಭಾವ ಬೀರುವ ಯತ್ನ 2007ರಲ್ಲಿ ಟಿ.ವಿ. ವಾಹಿನಿಯೊಂದರ ಗುಪ್ತ ಕಾರ್ಯಾಚರಣೆಯಲ್ಲಿ ಬಯಲಾಗಿ, ಆರೋಪಿ ಪರ ಹಿರಿಯ ವಕೀಲ ಆರ್.ಕೆ. ಆನಂದ್ ನ್ಯಾಯಾಂಗ ನಿಂದನೆಯ ಅಪರಾಧಿ ಎನಿಸಿದರು. 2009ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ‘ಸಾಕ್ಷಿ ನಾನು ನೋಡಿಕೊಳ್ಳುತ್ತೇನೆ’ ಎನ್ನುವವರಿಂದ ದೂರವಿರಬೇಕಾದ್ದು ಧರ್ಮಕ್ಕಾಗಿ ಮಾತ್ರವಲ್ಲ, ಆರೋಪಿಯ ಹಿತಕ್ಕಾಗಿಯೂ ಹೌದು.

ಹಾಗಾದರೆ ಸರಿಯಾದ ವಕೀಲರನ್ನು ಹುಡುಕುವುದು ಹೇಗೆ? ಭಾರತದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ, ‘ಗೆದ್ದರೆ ಇಷ್ಟು’ ಎಂಬ ಕರಾರಿನ ಮೇಲೆ ಫೀಸು ಗೊತ್ತು ಮಾಡುವಂತೆಯೂ ಇಲ್ಲ. ಎರಡನ್ನೂ ಬಾರ್ ಕೌನ್ಸಿಲ್ ನಿಯಮಗಳು ತಡೆಯುತ್ತವೆ. ಹಾಗಾಗಿ ಬಾಯಿಮಾತೇ ದಾರಿ, ಮಧ್ಯವರ್ತಿಗಳಿಗೂ ಅದೇ ಬಂಡವಾಳ. ಕುಂದಾಪುರದ ಕೋರ್ಟಿನಲ್ಲಿ ಕ್ರಿಮಿನಲ್ ಕೆಲಸ ನಿತ್ಯ ಮಾಡುವ ವಕೀಲರು ಯಾರೆಂದು ವಕೀಲರ ಸಂಘದಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಜಾಗದ ತಕರಾರಿನಲ್ಲಿ ಹೆಸರಾದವರೆಲ್ಲ ಇದಕ್ಕೆ ಆಗುತ್ತಾರೆಂದು ಇಲ್ಲ. ಯಂತ್ರದ ಪ್ರಮಾಣಪತ್ರ, ವೈದ್ಯರ ತಪಾಸಣೆಯ ಗಂಟೆ, ಪ್ರಯೋಗಾಲಯದ ವರದಿ ಇವನ್ನು ಮೊದಲ ಭೇಟಿಯಲ್ಲೇ ಕೇಳುವವರು ಕೆಲಸ ಬಲ್ಲವರು. ಕಾಗದ ನೋಡುವ ಮುಂಚೆಯೇ ಖುಲಾಸೆಯ ಭರವಸೆ ಕೊಡುವವರನ್ನು ನಂಬಬಾರದು. ಕಾಗದವೆಲ್ಲ ಸರಿಯಿದ್ದು ಅಂಕಿ 90 ತೋರಿಸುತ್ತಿದ್ದರೆ, ಒಪ್ಪಿಕೊಂಡು ಶಿಕ್ಷೆಯ ಪ್ರಮಾಣದ ಬಗ್ಗೆ ಮಾತ್ರ ಮನವಿ ಮಾಡೋಣ ಎಂದು ಪ್ರಾಮಾಣಿಕ ವಕೀಲರೇ ಹೇಳುತ್ತಾರೆ. ನನ್ನ ತಕರಾರಿರುವುದು ಕಾಗದ ನೋಡದೆ ಒಪ್ಪುವುದರ ಬಗ್ಗೆ.

ದುಡ್ಡಿಲ್ಲ ಎಂಬುದು ಮೂರನೆಯ ಆಕ್ಷೇಪ, ಬಹುಶಃ ಎಲ್ಲಕ್ಕಿಂತ ನಿಜವಾದದ್ದು. ಇದಕ್ಕೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉತ್ತರವಿದೆ. ಅದರ 12ನೇ ಕಲಮಿನ ಪ್ರಕಾರ ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಅಂಗವಿಕಲರು, ಆದಾಯದ ಮಿತಿಯೊಳಗಿನವರು, ಜೊತೆಗೆ ಬಂಧನದಲ್ಲಿರುವ ಯಾರೇ ಆದರೂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಬಹುದು. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕು. ರಾತ್ರಿ ಹೊತ್ತಾದರೆ 15100 ಸಹಾಯವಾಣಿ ಇದೆ. ಬಂಧಿತನ ಮನೆಯವರಿಗೆ ತಿಳಿಸುವುದು, ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗಲು ಬಿಡುವುದು ಪೊಲೀಸರ ಉಪಕಾರವಲ್ಲ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವಿಧಿಸಿದ ಕರ್ತವ್ಯ. ಬೈಂದೂರು, ಬ್ರಹ್ಮಾವರದಂಥ ತಾಲೂಕು ಕೇಂದ್ರಗಳಲ್ಲಿ ರಾತ್ರಿ ಠಾಣೆಗೆ ಬರುವ ವಕೀಲರ ಪಟ್ಟಿಯೊಂದನ್ನು ಠಾಣೆಯ ಗೋಡೆಗೆ ಅಂಟಿಸಿದರೆ ಮುಖಂಡರಿಗೆ ಹೋಗುವ ಫೋನು ಅರ್ಧದಷ್ಟಾದರೂ ಕಡಿಮೆಯಾದೀತು. ಠಾಣೆ, ಆಸ್ಪತ್ರೆ, ಸೇವಾ ಸಮಿತಿ ಮೂರೂ ಸೇರಿ ಒಂದು ಮಧ್ಯಾಹ್ನ ಕೂತರೆ ಆಗುವ ಕೆಲಸ.

ಈ ಸಹಾಯ ಆರೋಪಿಗೆ ಮಾತ್ರ ಮೀಸಲಾದದ್ದೂ ಅಲ್ಲ. ಕುಡಿದವನ ಬೈಕಿಗೆ ಸಿಕ್ಕಿ ಗಂಡನನ್ನು ಕಳೆದುಕೊಂಡ ಹೆಂಗಸು, ಆಕೆಯ ಆದಾಯ ಎಷ್ಟೇ ಇರಲಿ, ಮಹಿಳೆ ಎಂಬ ಒಂದೇ ಕಾರಣಕ್ಕೆ ಅದೇ ಸಮಿತಿಯಿಂದ ವಕೀಲರನ್ನು ಕೇಳಬಹುದು. ಮೋಟಾರು ಅಪಘಾತ ಪರಿಹಾರದ ಅರ್ಜಿ ಹಾಕಿಸಬಹುದು. ಕ್ರಿಮಿನಲ್ ವಿಚಾರಣೆಯಲ್ಲಿ ಸರ್ಕಾರಿ ಅಭಿಯೋಜಕರಿಗೆ ನೆರವಾಗಲು ತನ್ನ ವಕೀಲರಿಗೆ ಅನುಮತಿ ಕೊಡಿ ಎಂದು ಕೋರ್ಟನ್ನು ಕೋರಬಹುದು. ಆ ವಕೀಲರು ಕೇಳುವ ಮೊದಲ ಕಾಗದಗಳೂ ಅವೇ: ಊದಿಸಿದ ಚೀಟಿ, ವೈದ್ಯರು ಬರೆದ ಗಂಟೆ, ಮಂಗಳೂರಿನ ವರದಿ.